ಸಾಮಿ ನಾಡಿಗೆ ಚಳಿಗಾಲದ ಪ್ರವಾಸ

ಪ್ರಶ್ನೆ: ಬರುವ ಫೆಬ್ರವರಿಯ ರಜೆಯನ್ನು ಉತ್ತರ ಫಿನ್ಲೆಂಡ್ ಅಥವಾ ಸ್ವೀಡನ್ನಿನಲ್ಲಿ ಕಳೆಯಬೇಕೆಂದಿದ್ದೇವೆ. ರಾತ್ರಿಯ ಆಕಾಶದಲ್ಲಿ ಬಣ್ಣದ ಬೆಳಕಾಗಿ ಮೂಡುವ ಧ್ರುವಪ್ರಭೆಯ ಜೊತೆಗೆ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬದುಕನ್ನೂ ಕಾಣುವ ಆಸೆಯಿದೆ. ಪ್ರವಾಸಿಗರಿಗಾಗಿ ಹೂಡಿದ ಪ್ರದರ್ಶನ ಯಾವುದು, ನಿಜವಾದ ಪರಿಚಯ ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ: ತಿಂಗಳನ್ನು ಸರಿಯಾಗಿಯೇ ಆರಿಸಿದ್ದೀರಿ. ಫೆಬ್ರವರಿಯ ಹೊತ್ತಿಗೆ ಸೂರ್ಯ ಮರಳಿರುತ್ತಾನೆ, ಆದರೂ ರಾತ್ರಿ ಧ್ರುವಪ್ರಭೆಗೆ ಸಾಕಷ್ಟು ದೀರ್ಘವಾಗಿರುತ್ತದೆ. 1917ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಗಡಿಗಳನ್ನು ಮೀರಿ ಸೇರಿದ ಮೊದಲ ಸಾಮಿ ಸಮಾವೇಶದ ನೆನಪಿಗೆ ಫೆಬ್ರವರಿ 6ನ್ನು ಸಾಮಿ ರಾಷ್ಟ್ರೀಯ ದಿನವಾಗಿ ಆಚರಿಸುತ್ತಾರೆ. ಸ್ವೀಡನ್ನಿನ ಯೊಕ್‌ಮೊಕ್‌ನಲ್ಲಿ 1605ರಿಂದ ನಡೆದುಬಂದಿರುವ ಚಳಿಗಾಲದ ಜಾತ್ರೆಯೂ ಇದೇ ತಿಂಗಳ ಆರಂಭದಲ್ಲಿ ಬರುತ್ತದೆ; ಅಲ್ಲಿಗೆ ಹೋಗುವುದಾದರೆ ಕೋಣೆಯನ್ನು ಬಹಳ ಮುಂಚಿತವಾಗಿ ಕಾದಿರಿಸಬೇಕು. ಫಿನ್ಲೆಂಡ್ ಆರಿಸಿದರೆ ಇನಾರಿ ಎಂಬ ಊರಿಗೆ ಹೋಗಿ, ಮೊದಲ ದಿನವನ್ನೇ ಅಲ್ಲಿನ ‘ಸೀಡಾ’ (Siida) ಎಂಬ ಸಾಮಿ ವಸ್ತುಸಂಗ್ರಹಾಲಯಕ್ಕೆ ಮೀಸಲಿಡಿ. ಅಲ್ಲಿ ಕಂಡದ್ದು ಮುಂದಿನ ದಿನಗಳನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ.

ನೀವು ಕೇಳಿದ ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಸಾಕು: ಈ ಕಾರ್ಯಕ್ರಮವನ್ನು ನಡೆಸುವವರು ಯಾರು? ಹಿಮಸಾರಂಗ ಸಾಕುವ ಸಾಮಿ ಕುಟುಂಬವೇ ನಡೆಸುತ್ತಿದ್ದರೆ ಹಿಂಜರಿಯದೆ ಹೋಗಿ. ಸಾಮಿಯಲ್ಲದವರು ಸಾಮಿ ಉಡುಪಿನ ಅಗ್ಗದ ನಕಲನ್ನು ತೊಟ್ಟು ಅತಿಥಿಗಳನ್ನು ರಂಜಿಸುವ ಪದ್ಧತಿ ಫಿನ್ಲೆಂಡಿನಲ್ಲಿ ಬಹುಕಾಲ ನಡೆಯಿತು. ಆ ಉಡುಪು ತೊಟ್ಟವರ ಊರು, ಮನೆತನಗಳನ್ನು ಹೇಳುವಂಥದ್ದಾದ್ದರಿಂದ ಈ ನಕಲು ಸಾಮಿ ಜನರಿಗೆ ಆಳವಾದ ನೋವುಂಟುಮಾಡಿತು. 2018ರಲ್ಲಿ ಅಲ್ಲಿನ ಸಾಮಿ ಜನರ ಚುನಾಯಿತ ಸಂಸ್ಥೆಯಾದ ಸಾಮಿ ಸಂಸತ್ತು ಪ್ರವಾಸೋದ್ಯಮಕ್ಕಾಗಿ ನೈತಿಕ ಮಾರ್ಗಸೂಚಿಯನ್ನೇ ರೂಪಿಸಿತು. ನಾಯಿಗಳು ಎಳೆಯುವ ಹಿಮಬಂಡಿಯೂ ಸಾಮಿ ಸಂಪ್ರದಾಯವಲ್ಲ, ಪ್ರವಾಸೋದ್ಯಮದೊಂದಿಗೆ ಬಂದದ್ದು. ಅದರಲ್ಲಿ ಕೂರಬಾರದೆಂದಲ್ಲ, ಅದನ್ನು ಸಾಮಿ ಸಂಸ್ಕೃತಿಯೆಂದು ಭಾವಿಸಬಾರದು, ಅಷ್ಟೆ.

ಹಿಮಸಾರಂಗಗಳ ಬಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ನಡೆಯುವಾಗ ಪಾದದ ಸ್ನಾಯುರಜ್ಜು ಮೂಳೆಯ ಮೇಲೆ ಜಾರಿ ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ. ಹಿಮದಡಿಯ ಕಲ್ಲುಹೂವನ್ನು ವಾಸನೆಯಿಂದಲೇ ಪತ್ತೆಹಚ್ಚಿ, ಮುಂಗಾಲಿನ ಗೊರಸಿನಿಂದ ಬಗೆದು ತಿನ್ನುತ್ತವೆ. ಚಳಿಗಾಲದ ನಡುವೆ ಬಿಸುಪೇರಿ ಮಳೆ ಸುರಿದು ಮತ್ತೆ ಹೆಪ್ಪುಗಟ್ಟಿದರೆ ಆ ಮೇವಿನ ಮೇಲೆ ಮಂಜುಗಡ್ಡೆಯ ಪದರ ಕೂತುಬಿಡುತ್ತದೆ, ಆಗ ಕುಟುಂಬಗಳು ಹಣ ಕೊಟ್ಟು ಮೇವು ತರಬೇಕಾಗುತ್ತದೆ. ಹವಾಮಾನ ಬದಲಾವಣೆಯ ಪೆಟ್ಟು ಅವರ ಜೀವನಕ್ಕೆ ಬೀಳುವುದು ಹೀಗೆ. ಇದರ ಬಗ್ಗೆ ಕೇಳಿ, ಮಾತನಾಡುತ್ತಾರೆ. ಆದರೆ "ನಿಮ್ಮ ಬಳಿ ಎಷ್ಟು ಹಿಮಸಾರಂಗಗಳಿವೆ" ಎಂದು ಮಾತ್ರ ಕೇಳಬೇಡಿ. ಅದು ಬ್ಯಾಂಕಿನಲ್ಲಿ ಎಷ್ಟು ಹಣವಿದೆಯೆಂದು ಕೇಳಿದಂತೆ. ಸಾಮಿಗಳ ಸಾಂಪ್ರದಾಯಿಕ ಗಾಯನವಾದ ಯೋಯ್ಕ್ ಹಾಡುವಾಗ ಚಿತ್ರೀಕರಿಸುವ ಮುನ್ನವೂ ಅನುಮತಿ ಪಡೆಯಿರಿ.

ಧ್ರುವಪ್ರಭೆಯನ್ನು ಯಾರೂ ಖಾತ್ರಿಪಡಿಸಲಾರರು. ಅದು ನೂರು ಕಿಲೋಮೀಟರಿಗೂ ಮೇಲೆ ಮೂಡುವುದರಿಂದ ಕೆಳಗಿನ ಮೋಡವೇ ನಿಮ್ಮ ದೊಡ್ಡ ಅಡ್ಡಿ. ಪಶ್ಚಿಮದ ಪರ್ವತಗಳು ಮೋಡವನ್ನು ತಡೆಯುವ ಕಾರಣ ಸ್ವೀಡನ್ನಿನ ಅಬಿಸ್ಕೊದಲ್ಲಿ ಆಕಾಶ ಹೆಚ್ಚಾಗಿ ತಿಳಿಯಾಗಿರುತ್ತದೆ. ಕೆಲವು ರಾತ್ರಿಗಳನ್ನು ಅಲ್ಲಿಗೆ ಬಿಡಿ. ಉಷ್ಣತೆ ಮೈನಸ್ 30 ಡಿಗ್ರಿಗೂ ಇಳಿಯಬಹುದು. ಮೈಗೆ ತಾಗುವ ಪದರ ಉಣ್ಣೆಯದಾಗಿರಲಿ, ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿ.