ರದ್ದಿಗೆ ಹಾಕುವ ಮುಂಚೆ

ಪ್ರಶ್ನೆ: ನಮ್ಮ ತಂದೆ 1970ರ ದಶಕದಲ್ಲಿ ಬೆಂಗಳೂರಿನ ಒಂದು ಸಣ್ಣ ಕಲಾಶಾಲೆಯಲ್ಲಿ ಕಲಿತವರು. ಆ ಶಾಲೆ ಈಗಿಲ್ಲ. ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅವರ ಟ್ರಂಕು ಸಿಕ್ಕಿತು. ಸ್ಕೆಚ್ ಪುಸ್ತಕ, ಫೀಸಿನ ರಸೀದಿ, ಪ್ರದರ್ಶನದ ಕರೆಯೋಲೆ, ನೆಗೆಟಿವ್ ಎಲ್ಲ ಇವೆ. ಸ್ಕೆಚ್ ಇಟ್ಟುಕೊಂಡು ಉಳಿದದ್ದನ್ನು ರದ್ದಿಗೆ ಹಾಕಬಹುದೇ?
– ಓದುಗರು, ಮಲ್ಲೇಶ್ವರ

ಉತ್ತರ: ದಯವಿಟ್ಟು ಬೇಡ. ನಿಜ ಹೇಳಬೇಕೆಂದರೆ, ನನಗೆ ಸ್ಕೆಚ್‌ಗಿಂತ ಆ ರಸೀದಿಗಳ ಮೇಲೇ ಆಸೆ ಜಾಸ್ತಿ. ತಿಂಗಳಿಗೆ ಫೀಸು ಎಷ್ಟು, ಸಹಿ ಯಾರದು, ಶಾಲೆ ಆಗ ಯಾವ ರಸ್ತೆಯಲ್ಲಿತ್ತು ಅನ್ನುವುದು ಅದರಲ್ಲೇ ಇರುತ್ತದೆ. ಚಿತ್ರಕಲಾ ಪರಿಷತ್ತಿನಂಥ ದೊಡ್ಡ ಸಂಸ್ಥೆಗೆ ಕಚೇರಿ ಇದೆ, ಕಡತ ಇದೆ. ಒಬ್ಬ ಮೇಷ್ಟ್ರು, ನಾಲ್ಕು ಈಸೆಲ್, ಒಂದು ಬಾಡಿಗೆ ಮನೆ ಅಂತ ನಡೆದ ಶಾಲೆಯ ಚರಿತ್ರೆ ಉಳಿಯುವುದು ಹಳೇ ವಿದ್ಯಾರ್ಥಿಗಳ ಟ್ರಂಕಿನಲ್ಲೇ.

ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜನ್ನೇ ನೋಡಿ. 1933ರಲ್ಲಿ ಶುರುವಾಗಿ 1957ರಲ್ಲಿ ಮುಚ್ಚಿತು. ಅದೂ ಕಲೆಗೆ ಒತ್ತು ಕೊಟ್ಟ ಪ್ರಯೋಗದ ಶಾಲೆ, ದುಡ್ಡಿಗೆ ಸದಾ ಪರದಾಟ. ಆದರೆ ಅದರ ಕಾಗದಗಳು ನಾರ್ತ್ ಕ್ಯಾರೊಲೈನಾದ ಸರ್ಕಾರಿ ಪತ್ರಾಗಾರ ಸೇರಿದವು. ಇವತ್ತಿಗೂ ಸಂಶೋಧಕರು ಹೋಗಿ ನೋಡುತ್ತಾರೆ.

ಈಗ ಟ್ರಂಕಿನ ಕಡೆ ಬರೋಣ. ಮೊದಲು, ಏನನ್ನೂ ಬೇರೆ ಬೇರೆ ಮಾಡಬೇಡಿ. ಕರೆಯೋಲೆ ಒಂದು ಕಡೆ, ಪತ್ರ ಒಂದು ಕಡೆ ಅಂತ ವಿಂಗಡಿಸಿದರೆ ನೋಡಲು ಚೆಂದ ಕಾಣುತ್ತದೆ, ಅಷ್ಟೇ. ಯಾವ ಕರೆಯೋಲೆಯ ಜೊತೆ ಯಾವ ಪತ್ರ ಇತ್ತು ಅನ್ನುವುದೂ ಒಂದು ದಾಖಲೆ, ಅಲ್ವಾ? ಇದ್ದ ಹಾಗೇ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಆಮೇಲೆ ಕೈ ಹಾಕಿ. ತುಕ್ಕು ಹಿಡಿದ ಗುಂಡುಸೂಜಿಯನ್ನು ನಿಧಾನವಾಗಿ ಬಿಡಿಸಿ. ಹರಿದ ಹಾಳೆಗೆ ಸೆಲ್ಲೊಟೇಪ್ ಬೇಡ, ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮಾಡಿಸಿದರೆ ಮತ್ತೆ ಬಿಡಿಸಲು ಆಗುವುದಿಲ್ಲ.

ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂತೇ? ಹಾಗಿದ್ದರೆ ಫಿಲ್ಮು ಕೊಳೆಯುತ್ತಿದೆ. ಆ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಅವನ್ನು ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿಸಿ.

ಯಾವುದಾದರೂ ಸಂಗ್ರಹಕ್ಕೆ ಕೊಡುವುದಾದರೆ ಏನೇನು ಕೊಟ್ಟಿರಿ, ಯಾರು ನೋಡಬಹುದು ಅನ್ನುವುದನ್ನು ಬರೆಸಿಕೊಳ್ಳಿ. ಬೇರೆಯವರು ಬರೆದ ಪತ್ರ ನಿಮ್ಮ ಕೈಯಲ್ಲಿದ್ದರೂ ಅದರ ಕೃತಿಸ್ವಾಮ್ಯ ಬರೆದವರದು. ಸುಮ್ನೆ ಫೇಸ್‌ಬುಕ್‌ಗೆ ಹಾಕಬೇಡಿ.

ಅದಕ್ಕೂ ಮೊದಲು ತಂದೆಯ ಸಹಪಾಠಿಗಳಲ್ಲಿ ಯಾರಾದರೂ ಊರಲ್ಲಿದ್ದರೆ ಒಂದು ಭಾನುವಾರ ಕಾಫಿಗೆ ಕರೆಯಿರಿ. ಗ್ರೂಪ್ ಫೋಟೊ ಮುಂದಿಡಿ. ಅವರು ಹೇಳಿದ ಹೆಸರುಗಳನ್ನು ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್‌ನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ ಬೇಡ.