ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೊಂದು ಹಾಡಿನ ಕೂಟ

ಗೆಳೆಯರನ್ನು ಮನೆಗೆ ಕರೆದು, ಸುತ್ತ ಕೂತು ಜನಪದ ಹಾಡು ಹಾಡುವ ಬಗ್ಗೆ ಕೊಡಗಿನ ಬೇರೆ ಬೇರೆ ಕಡೆಯ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಮೈಕು, ವೇದಿಕೆ, ನಿರೂಪಕರು ಇರುವ ಕಾರ್ಯಕ್ರಮದ ಲೆಕ್ಕವೇ ಬೇರೆ. ಇಲ್ಲಿ ಕೇಳುವವರಿಗೆಂದು ಪ್ರತ್ಯೇಕ ಸಾಲು ಇರುವುದಿಲ್ಲ, ಬಂದವರೆಲ್ಲ ಹಾಡುವವರೇ.

ನಮ್ಮ ಹಾಲ್ 12 ಅಡಿ ಅಗಲ, 14 ಅಡಿ ಉದ್ದ. ಎಷ್ಟು ಜನರನ್ನು ಕರೆಯಬಹುದು? ಹೇಗೆ ಕೂರಿಸಬೇಕು? (ಸುಂಟಿಕೊಪ್ಪ)

ಚಕ್ಕಳಮಕ್ಕಳ ಹಾಕಿ ಕೂತವರಿಗೆ ತಲಾ ಎರಡು ಅಡಿ ಜಾಗ ಬೇಕು. ಹದಿನಾಲ್ಕು ಜನರೆಂದರೆ ಸುತ್ತಳತೆ 28 ಅಡಿ, ಅಂದರೆ ಸುಮಾರು ಒಂಬತ್ತು ಅಡಿ ಅಗಲದ ವೃತ್ತ. ಬೆನ್ನಿನ ಹಿಂದೆ ಓಡಾಡಲು ಜಾಗ ಬಿಟ್ಟರೆ ನಿಮ್ಮ ಹಾಲಿಗೆ ಅದೇ ಮಿತಿ. ಸೋಫಾ, ಟೀಪಾಯಿ ಹೊರಗೆ ಹೋಗಲಿ. ಜನ ಹೆಚ್ಚಾದರೆಂದು ಎರಡು ಸಾಲು ಮಾಡಬೇಡಿ. ಹಿಂದಿನ ಸಾಲಿನವರಿಗೆ ಎದುರಿನವರ ಬಾಯಿ ಕಾಣುವುದಿಲ್ಲ. ಬಾಯಿ ಕಾಣದಿದ್ದರೆ ಗೊತ್ತಿಲ್ಲದ ಹಾಡನ್ನು ಹಿಡಿಯುವುದು ಕಷ್ಟ, ಹತ್ತೇ ನಿಮಿಷದಲ್ಲಿ ಅವರು ಫೋನ್ ತೆಗೆಯುತ್ತಾರೆ.

ಮಂಡಿನೋವಿನವರಿಗೆ ಕುರ್ಚಿ ಬೇಕೇ ಬೇಕು. ಕುರ್ಚಿಗಳನ್ನು ಅಲ್ಲೊಂದು ಇಲ್ಲೊಂದು ಇಡದೆ ಒಂದೇ ಬದಿಗೆ ಸೇರಿಸಿಡಿ. ಹಳೆಯ ಮನೆಯಾಗಿದ್ದು ಜಗಲಿಯಲ್ಲಿ ಐಮರ (ಕಂಬಗಳ ನಡುವೆ ಕೂರಲು ಹಾಕಿದ ಅಗಲ ಹಲಗೆ) ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಿರಿಯರು ಅದರ ಮೇಲೆ, ಉಳಿದವರು ಎದುರಿಗೆ ಚಾಪೆಯ ಮೇಲೆ. ಟೈಲ್ಸ್ ನೆಲ, ಬರಿ ಗೋಡೆಯ ಹೊಸ ಮನೆಗಳಲ್ಲಿ ದನಿ ಗಣಗಣ ಎಂದು ಮರುಕಳಿಸಿ ಮಾತು ಕಲಸಿಹೋಗುತ್ತದೆ. ನೆಲಕ್ಕೆ ಜಮಖಾನ, ಒಂದು ಗೋಡೆಗೆ ದಪ್ಪ ಪರದೆ ಅಥವಾ ಕಂಬಳಿ ಹಾಕಿದರೆ ಸಾಕು.

ಕಾಫಿ ಒಣಗಿಸುವ ಕಣದಲ್ಲಿ ಕೂರುವ ಆಸೆ ಹಲವರಿಗಿದೆ. ನೋಡಲು ಚಂದ, ಹಾಡಲು ಕಷ್ಟ. ತಡೆಯುವ ಗೋಡೆಯಿಲ್ಲದೆ ದನಿ ಹರಡಿಹೋಗುತ್ತದೆ. ಎದುರಿನವರಿಗೆ ಕೇಳಲೆಂದು ಎಲ್ಲರೂ ಕೂಗಲು ಶುರುಮಾಡಿ ಅರ್ಧ ಗಂಟೆಯಲ್ಲಿ ಗಂಟಲು ಕಟ್ಟುತ್ತದೆ. ಕಣದಲ್ಲೇ ಆಗಬೇಕೆಂದಿದ್ದರೆ ಮನೆಯ ಗೋಡೆಗೆ ಹತ್ತಿರ, ವೃತ್ತವನ್ನು ಚಿಕ್ಕದಾಗಿಸಿ ಕೂತುಕೊಳ್ಳಿ.

ಯಾವ ತಿಂಗಳು ಒಳ್ಳೆಯದು? ನಮ್ಮದು ಶೀಟಿನ ಮನೆ. (ನಾಪೋಕ್ಲು)

ಶೀಟಿನ ಮನೆಯಾದರೆ ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆ ಶೀಟಿನ ಮೇಲೆ ಬೀಳುವಾಗ ಪಕ್ಕದವರ ಮಾತೇ ಕೇಳುವುದಿಲ್ಲ, ಹಾಡಿನ ಮಾತೆಲ್ಲಿ ಬಂತು. ಹಲಗೆಯ ಅಟ್ಟವಿರುವ ಕೋಣೆ ಅಥವಾ ತಾರಸಿ ಮನೆಯಿದ್ದರೆ ಮಳೆಗಾಲವೇ ಚೆನ್ನ, ಹೊರಗಿನ ಕೆಲಸ ಕಡಿಮೆ. ನವೆಂಬರಿನಿಂದ ಅರೇಬಿಕಾ ಕಾಫಿ ಕೊಯ್ಲು, ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ, ನಡುವೆ ಕಾಫಿ ಹೂ ಅರಳಲೆಂದು ರಾತ್ರಿಯೆಲ್ಲ ಸ್ಪ್ರಿಂಕ್ಲರ್ ನೀರು. ಆಗ ಕರೆದರೆ ಬರುತ್ತೇನೆ ಅಂದವರಲ್ಲಿ ಅರ್ಧ ಜನ ಬರುವುದಿಲ್ಲ. ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ದುಡಿ (ಡಮರುವಿನಂಥ ಪುಟ್ಟ ತೊಗಲ ವಾದ್ಯ) ಬಾರಿಸುವವರು ಸಿಗುವುದಿಲ್ಲ. ಏಪ್ರಿಲ್, ಮೇ, ಅಥವಾ ಕಾವೇರಿ ಸಂಕ್ರಮಣ ಕಳೆದು ಕೊಯ್ಲು ಶುರುವಾಗುವ ಮೊದಲಿನ ವಾರಗಳು ಅನುಕೂಲ.

ಗಂಟೆಯ ವಿಚಾರ: ಸಂಜೆ ನಾಲ್ಕಕ್ಕೆ ಶುರುಮಾಡಿ ಆರೂವರೆಗೆ ಹಾಡು ಮುಗಿಸಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿಯಂಥ ಆನೆ ಓಡಾಡುವ ಕಡೆ ಕತ್ತಲಾದ ಮೇಲೆ ಅತಿಥಿಗಳನ್ನು ತೋಟದ ದಾರಿಯಲ್ಲಿ ಬೈಕಿನ ಮೇಲೆ ಕಳಿಸುವುದು ಸರಿಯಲ್ಲ. ತಡವಾದರೆ ಜೀಪಿನಲ್ಲಿ ಬಿಟ್ಟುಬನ್ನಿ, ಇಲ್ಲವೇ ಉಳಿಸಿಕೊಳ್ಳಿ. ಪೇಟೆಯ ಮನೆಯಾದರೆ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ, ವಾದ್ಯ ಬಳಸದಂತೆ ಶಬ್ದಮಾಲಿನ್ಯ ನಿಯಮವಿದೆ. ನೆರೆಮನೆಯವರನ್ನೂ ಕರೆದುಬಿಟ್ಟರೆ ದೂರುವವರೇ ಇರುವುದಿಲ್ಲ.

ಎರಡು ಸಲ ಸೇರಿದೆವು. ಎರಡು ಸಲವೂ ಚೆನ್ನಾಗಿ ಹಾಡುವ ಇಬ್ಬರೇ ಹಾಡಿದರು. ಉಳಿದವರು ಕೇಳಿ, ಊಟ ಮಾಡಿ ಹೋದರು. ಎಲ್ಲಿ ತಪ್ಪಿದೆವು? (ಸೋಮವಾರಪೇಟೆ)

ಹಾಡಿನ ಆಯ್ಕೆಯಲ್ಲಿ. ಒಬ್ಬರೇ ಹಾಡಿ ಮುಗಿಸುವ ಹಾಡುಗಳನ್ನು ಎತ್ತಿಕೊಂಡರೆ ಕೂಟ ಕಛೇರಿಯಾಗುತ್ತದೆ. ಜನಪದದಲ್ಲಿ ಇದಕ್ಕೆ ದಾರಿ ಮೊದಲೇ ಇದೆ: ಒಬ್ಬರು ಎತ್ತುತ್ತಾರೆ, ಉಳಿದವರು ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ, ಹಿಡಿಯುತ್ತಾರೆ. ಸೋಬಾನೆ, ಕೋಲಾಟದ ಪದ, ಗೀಗೀ ಪದ, ನಾಟಿ ಪದಗಳೆಲ್ಲ ಹೀಗೇ. ಸೊಲ್ಲು ನಾಲ್ಕೈದು ಮಾತಿಗಿಂತ ಉದ್ದ ಇಲ್ಲದ ಹಾಡನ್ನು ಮೊದಲು ಹಾಕಿ.

ಬೀಸುಕಲ್ಲಿನ ತ್ರಿಪದಿಗಳನ್ನು ತೆಗೆದುಕೊಳ್ಳಿ. ಕಾಗದದಲ್ಲಿ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗ ಮತ್ತೆ ಬರುತ್ತದೆ, ಆಮೇಲಷ್ಟೆ ಮೂರನೆಯ ಸಾಲು. ಮೂರು ಸಾಲು ಕಿವಿಗೆ ನಾಲ್ಕಾಗುವುದು ಹೀಗೆ. ಆ ಮರುಕಳಿಕೆಯೇ ನಿಮ್ಮ ಬಾಗಿಲು. ಮುಂದೆ ಹಾಡುವವರು ಎರಡನೆಯ ಸಾಲು ಮುಗಿಸಿ ನಿಲ್ಲಿಸಲಿ, ಮತ್ತೆ ಬರುವ ಭಾಗವನ್ನು ವೃತ್ತದವರು ಹಾಡಲಿ, ಮೂರನೆಯದನ್ನು ಮುಂದಾಳೇ ಮುಗಿಸಲಿ. ಈಗಷ್ಟೆ ಕಿವಿಗೆ ಬಿದ್ದ ಮಾತನ್ನೇ ಹೇಳಬೇಕಾದ್ದರಿಂದ ಹಾಡು ಗೊತ್ತಿಲ್ಲದವರೂ ತಪ್ಪುವುದಿಲ್ಲ. ದಾಟಿ ಒಂದೇ ಆದ್ದರಿಂದ ಎರಡು ತ್ರಿಪದಿ ಕಳೆಯುವಷ್ಟರಲ್ಲಿ ಎಲ್ಲರಿಗೂ ಹಿಡಿತ ಬಂದಿರುತ್ತದೆ. ಮೂರನೆಯದರಿಂದ ಮುಂದಾಳನ್ನು ಬದಲಿಸುತ್ತ ಹೋಗಿ. ಅಜ್ಜಿ ಹೇಳುತ್ತಿದ್ದ ಒಂದೇ ಒಂದು ತ್ರಿಪದಿ ನೆನಪಿದ್ದವರಿಗೂ ಇಲ್ಲಿ ಸರದಿ ಸಿಗುತ್ತದೆ.

ಹೊಸ ಹಾಡು ಕಲಿಸುವಾಗ ಇಡೀ ಹಾಡನ್ನು ಜೆರಾಕ್ಸ್ ಮಾಡಿ ಹಂಚಬೇಡಿ. ಎಲ್ಲರೂ ತಲೆ ತಗ್ಗಿಸಿ ಓದತೊಡಗುತ್ತಾರೆ, ದನಿ ಕಾಗದದೊಳಗೆ ಹೋಗುತ್ತದೆ. ಸೊಲ್ಲನ್ನು ಮೊದಲು ರಾಗವಿಲ್ಲದೆ ಎರಡು ಸಲ ಹೇಳಿಸಿ, ಆಮೇಲೆ ರಾಗದಲ್ಲಿ ಮೂರು ಸಲ, ಅಷ್ಟೆ. ನುಡಿಗಳ (ಚರಣಗಳ) ಕಾಗದ ಮುಂದಾಳಿನ ಕೈಯಲ್ಲಿ ಮಾತ್ರ ಇರಲಿ.

ಸರದಿಗೆ ಮೂರೇ ನಿಯಮ ಸಾಕು. ಪಾಳಿ ಬಂದವರು ತಾವೇ ಹಾಡಬಹುದು, ಇನ್ನೊಬ್ಬರಿಗೆ ಇಂಥ ಹಾಡು ಹಾಡಿ ಎನ್ನಬಹುದು, ಇಲ್ಲವೇ "ಮುಂದೆ" ಎಂದು ಬಿಟ್ಟುಕೊಡಬಹುದು. ಬಿಟ್ಟವರನ್ನು ಒತ್ತಾಯಿಸುವುದು ಬೇಡ. ಎರಡನೆಯ ಸುತ್ತಿನಲ್ಲಿ ಅವರಾಗಿಯೇ ಬಾಯಿ ಬಿಡುವುದುಂಟು. ನಿಮ್ಮ ಆ ಇಬ್ಬರು ಗಟ್ಟಿ ಹಾಡುಗಾರರನ್ನು ಅಕ್ಕಪಕ್ಕ ಕೂರಿಸದೆ ವೃತ್ತದ ಎದುರುಬದುರಿಗೆ ಕೂರಿಸಿ. ಎರಡೂ ಬದಿಯ ಹಿಂಜರಿಯುವವರಿಗೆ ಆಸರೆಯಾಗುತ್ತಾರೆ.

ಗಂಡಸರು ಎತ್ತಿದರೆ ಹೆಂಗಸರಿಗೆ ಎಟಕುವುದಿಲ್ಲ, ಹೆಂಗಸರು ಎತ್ತಿದರೆ ಗಂಡಸರು ಕಿರುಚಬೇಕಾಗುತ್ತದೆ. (ಕುಶಾಲನಗರ)

ಹಾಡಿನ ಮೊದಲ ಸಾಲು ನೋಡಿ ಶ್ರುತಿ ಹಿಡಿಯುವುದರಿಂದ ಆಗುವ ತೊಂದರೆ ಇದು. ಮೊದಲ ಸಾಲು ಸಾಮಾನ್ಯವಾಗಿ ತಗ್ಗಿನಲ್ಲಿರುತ್ತದೆ, ಪೇಚು ಬರುವುದು ಮೇಲಕ್ಕೆ ಹೋದಾಗ. ಆದ್ದರಿಂದ ಹಾಡಿನ ಅತಿ ಎತ್ತರದ ಜಾಗವನ್ನೇ ಮೊದಲು ಒಮ್ಮೆ ಎಲ್ಲರಿಂದ ಹಾಡಿಸಿ. ಅದು ಸಲೀಸಾಗಿ ಬಂತೆಂದರೆ ಉಳಿದದ್ದೂ ಬರುತ್ತದೆ.

ಹೆಚ್ಚಿನ ಜನಪದ ದಾಟಿಗಳು ಐದಾರು ಸ್ವರದೊಳಗೇ ಓಡಾಡುತ್ತವೆ. ಷಡ್ಜದಿಂದ (ಆಧಾರ ಸ್ವರ 'ಸ') ಕೆಳಕ್ಕೆ ಇಳಿಯದ ಹಾಡಾದರೆ ಹಾರ್ಮೋನಿಯಂನ ಬಿಳಿ ಆರನ್ನು ('ಸಿ'ಯಿಂದ ಎಣಿಸಿದ ಆರನೆಯ ಬಿಳಿ ಕೀ) ಷಡ್ಜ ಮಾಡಿಕೊಳ್ಳಿ. ಹೆಂಗಸರು ಅದೇ ಸ್ಥಾಯಿಯಲ್ಲಿ, ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡಿದರೆ ಇಬ್ಬರಿಗೂ ಹಿಂಸೆಯಿಲ್ಲ. ಕೆಳಗಿನ ಪಂಚಮದವರೆಗೆ ('ಪ'ವರೆಗೆ) ಇಳಿಯುವ ಹಾಡಿಗೆ ಬಿಳಿ ಎರಡು ಹೊಂದುತ್ತದೆ. ಫೋನಿನ ಶ್ರುತಿ ಆಪ್ ಹಾಕುವುದಾದರೆ ಹಾಡು ನಿಂತಾಗ ಮಾತ್ರ ಕೇಳಿಸುವಷ್ಟು ಸಣ್ಣಗೆ ಇರಲಿ. ಶ್ರುತಿಯೇ ಇಲ್ಲದಿದ್ದರೆ ನಾಲ್ಕೈದು ನುಡಿಯಾಗುವಷ್ಟರಲ್ಲಿ ಇಡೀ ಗುಂಪು ತನಗರಿವಿಲ್ಲದೆ ಕೆಳಗಿಳಿದಿರುತ್ತದೆ. ಮನೆಯ ಕೂಟದಲ್ಲಿ ಅದೇನು ದೊಡ್ಡ ಅಪರಾಧವೂ ಅಲ್ಲ ಬಿಡಿ.

ಹಾಡು ಹೋಗ್ತಾ ಹೋಗ್ತಾ ಓಡತೊಡಗುತ್ತದೆ. (ಗೋಣಿಕೊಪ್ಪ)

ಎಲ್ಲರೂ ಚಪ್ಪಾಳೆ ತಟ್ಟುವುದೇ ಕಾರಣ. ಒಬ್ಬೊಬ್ಬರೂ ಪಕ್ಕದವರಿಗಿಂತ ಕೂದಲೆಳೆ ಮುಂಚೆ ತಟ್ಟುತ್ತಾರೆ. ತಾಳ ಒಬ್ಬರ ಕೈಯಲ್ಲಿರಲಿ, ಉಳಿದವರು ತೊಡೆಯ ಮೇಲೆ ಸದ್ದಿಲ್ಲದೆ ಎಣಿಸಲಿ. ನುಡಿಯಿಂದ ನುಡಿಗೆ ಹೋಗುವಾಗ ಒಂದು ಉಸಿರು ನಿಲ್ಲಿ. ಅರ್ಧ ಓಟ ಅಲ್ಲೇ ನಿಲ್ಲುತ್ತದೆ.

ಮನೆಯಲ್ಲಿ ಹಳೆಯ ದುಡಿಯಿದೆ. ಮಳೆಗಾಲದಲ್ಲಿ ತೆಗೆದರೆ ದಬ್ ದಬ್ ಎನ್ನುತ್ತದೆ. (ಪೊನ್ನಂಪೇಟೆ)

ತೊಗಲು ತೇವ ಹೀರಿ ಸಡಿಲಾಗಿದೆ. ಒಲೆಯ ಕೆಂಡದಿಂದ ಒಂದು ಕೈಯಳತೆ ದೂರದಲ್ಲಿ ಹಿಡಿದು ಎರಡೂ ಮುಖಗಳನ್ನು ತಿರುಗಿಸಿ ತಿರುಗಿಸಿ ಕಾಯಿಸಿ. ಉರಿಯ ಮೇಲೆ ಹಿಡಿಯಬೇಡಿ. ನಿಮಿಷಕ್ಕೊಮ್ಮೆ ಬೆರಳ ತುದಿಯಿಂದ ತಟ್ಟಿ ನೋಡಿ, ದನಿ ಬಿಗಿದು ಮೇಲೇರಿದ ಕೂಡಲೇ ನಿಲ್ಲಿಸಿ. ಅದಕ್ಕಿಂತ ಒಣಗಿಸಿದರೆ ತೊಗಲು ಕುಗ್ಗಿ ಅಂಚಿನಲ್ಲಿ ಸೀಳುತ್ತದೆ. ಗ್ಯಾಸ್ ಒಲೆ ಮಾತ್ರ ಇರುವ ಮನೆಯಲ್ಲಿ ಹೇರ್ ಡ್ರೈಯರನ್ನು ಒಂದಡಿ ದೂರದಿಂದ ಹದ ಬಿಸಿಯಲ್ಲಿ ಬಳಸಬಹುದು. ಒಮ್ಮೆ ಕಾಯಿಸಿದ್ದು ಜಡಿಮಳೆಯ ದಿನ ಬಹಳ ಹೊತ್ತು ನಿಲ್ಲದು, ಕಾಫಿಯ ಬಿಡುವಿನಲ್ಲಿ ಇನ್ನೊಮ್ಮೆ ಒಲೆಯ ಮುಂದೆ ಹಿಡಿಯಿರಿ.

ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗಿನ ಜಾಗದಲ್ಲಿ ತೂಗುಹಾಕಿ. ತೊಗಲೆಂದರೆ ಇಲಿಗೆ ಹಬ್ಬ, ಅಟ್ಟದ ಮೇಲೆ ಹಾಗೇ ಇಡಬೇಡಿ.

ನಮ್ಮ ಗುಂಪಿನಲ್ಲಿ ಕೊಡವರು, ಅರೆಭಾಷೆಯವರು, ಮೈಸೂರು ಕಡೆಯಿಂದ ಬಂದವರು ಎಲ್ಲ ಇದ್ದಾರೆ. ಎಲ್ಲರ ಹಾಡನ್ನೂ ಎಲ್ಲರೂ ಹಾಡಬಹುದೇ? (ಮಡಿಕೇರಿ)

ಹಾಡಬಹುದು, ಆದರೆ ಎಲ್ಲ ಹಾಡೂ ಕೂಟದ ಹಾಡಲ್ಲ. ಕೊಡವರ ದುಡಿಕೊಟ್ಟ್ ಪಾಟ್ ನಾಲ್ವರು ದುಡಿ ಹಿಡಿದು, ಇಬ್ಬಿಬ್ಬರಾಗಿ ಪಾಲು ಹಂಚಿಕೊಂಡು ಹಾಡುವಂಥದ್ದು. ಅದನ್ನು ಹನ್ನೆರಡು ಮಂದಿಯ ಕೋರಸ್ ಮಾಡಿದರೆ ಅದರ ಕಟ್ಟೇ ಬಿದ್ದುಹೋಗುತ್ತದೆ. ಬಲ್ಲ ನಾಲ್ವರಿದ್ದರೆ ಅವರೇ ಹಾಡಲಿ, ಉಳಿದವರು ಕೇಳಲಿ. ಇಡೀ ಸಂಜೆಯಲ್ಲಿ ಸುಮ್ಮನೆ ಕೇಳುವ ಹಾಡು ಇದೊಂದಿದ್ದರೆ ಯಾರಿಗೂ ನಷ್ಟವಿಲ್ಲ. ಮದುವೆಯ, ಹುತ್ತರಿಯ ಹಾಡಾದರೆ ಸರಿ. ಸಾವಿನ ಮನೆಯಲ್ಲಿ ಹಾಡುವ ಚಾವ್ ಪಾಟನ್ನು ಕಾಫಿ ಕುಡಿಯುತ್ತಾ ಹಾಡಿಸುವುದು ಸಲ್ಲದು. ಯರವರು, ಕುರುಬರಂಥ ಕಾಡಿನ ಬುಡಕಟ್ಟಿನವರ ದೇವರ ಪದಗಳೂ ಹಾಗೇ. ಅವರೇ ಬಂದು, ತಾವಾಗಿ ಹಾಡಿದರೆ ಸರಿ, ವಿಡಿಯೊ ನೋಡಿ ಕಲಿತದ್ದನ್ನು ಹಾಡಬೇಡಿ.

ಕೊಡವ ಹಾಡಿನ ಮಾತು ಬೇಕಾದವರು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ' ನೋಡಬಹುದು. ಕನ್ನಡ ಲಿಪಿಯಲ್ಲಿದೆ, ಕನ್ನಡಿಗರೂ ಓದಬಹುದು. ದಾಟಿಯನ್ನು ಮಾತ್ರ ಹಾಡುವವರ ಬಾಯಿಂದಲೇ ಕೇಳಿ ಹಿಡಿಯಬೇಕು. ಬೇರೆ ಭಾಷೆಯ ಹಾಡು ಶುರುವಾಗುವ ಮೊದಲು ಅರ್ಥವನ್ನು ಎರಡು ಮಾತಿನಲ್ಲಿ ಹೇಳಿಬಿಡಿ. ಐದು ನಿಮಿಷದ ಪೀಠಿಕೆ ಬೇಡ.

ಒಬ್ಬ ಅತಿಥಿ ಪ್ರತಿ ಸಲವೂ ಕ್ಯಾರಿಯೋಕೆ ತರುತ್ತಾರೆ. (ವಿರಾಜಪೇಟೆ)

ಪ್ಲಗ್ ಪಾಯಿಂಟ್ ಇಲ್ಲದ ಕಡೆ ಕೂರಿಸಿ.

ಹಿರಿಯರ ಹಾಡನ್ನು ಫೋನಿನಲ್ಲಿ ಹಿಡಿದಿಡಬೇಕು. ಹೇಗೆ? (ಭಾಗಮಂಡಲ)

ಮೊದಲು ಅವರನ್ನು ಕೇಳಿ. ಮನೆಯೊಳಗೆ ಇಟ್ಟುಕೊಳ್ಳಲು ಒಪ್ಪಿದವರು ಗ್ರೂಪಿಗೆ ಹಾಕಲು ಒಪ್ಪಿದ್ದಾರೆಂದು ಅರ್ಥವಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಎರಡಡಿ ಎತ್ತರದ ಸ್ಟೂಲಿನ ಮೇಲೆ ಮಡಚಿದ ಟವಲು ಹಾಸಿ ಅದರ ಮೇಲಿಡಿ. ನೆಲದ ಮೇಲಿಟ್ಟರೆ ದುಡಿಯ ಏಟು, ಲೋಟ ಇಡುವ ಸದ್ದು ಎಲ್ಲ ನೆಲದಿಂದಲೇ ಒಳಹೋಗುತ್ತದೆ. ಹಿರಿಯರಿಗೆ ಮೂರಡಿ ಹತ್ತಿರ, ವಾದ್ಯದಿಂದ ದೂರ ಇರಲಿ. ಹಾಡಿಗೊಂದು ಫೈಲ್ ಮಾಡಿ. ಶುರುವಿನಲ್ಲಿ ತಾರೀಕು, ಊರು, ಹಾಡುವವರ ಹೆಸರು, ಯಾರಿಂದ ಕಲಿತದ್ದು ಎಂಬುದನ್ನು ಬಾಯಲ್ಲೇ ಹೇಳಿಸಿ. ಫೈಲಿನ ಹೆಸರು ಅಳಿಸಿಹೋದರೂ ಅದು ಉಳಿಯುತ್ತದೆ. ದನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲ್ ಆದರೆ ಸ್ಟೀರಿಯೊದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ, ಜಾಗ ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ದನಿಯ ಗುಣ ಕೆಡುವುದಿಲ್ಲ.

ತಿನ್ನಲು, ಕುಡಿಯಲು ಏನು, ಯಾವಾಗ? (ಶನಿವಾರಸಂತೆ)

ನಡುವೆ ಬೆಲ್ಲದ ಕಾಫಿ, ಊಟ ಕೊನೆಗೆ. ಹನ್ನೆರಡು ಜನಕ್ಕೆ ಎರಡು ಲೀಟರ್ ನೀರು, 150ರಿಂದ 200 ಗ್ರಾಂ ಬೆಲ್ಲ, 60 ಗ್ರಾಂ ಕಾಫಿಪುಡಿ. ಬೆಲ್ಲವನ್ನು ಮೊದಲು ನೀರಿನಲ್ಲಿ ಕರಗಿಸಿ ಸೋಸಿ. ಮರಳು, ಕಸ ಇಲ್ಲೇ ಹೋಗಲಿ. ಮತ್ತೆ ಕುದಿಸಿ, ಒಲೆ ಆರಿಸಿ, ಪುಡಿ ಹಾಕಿ ಐದು ನಿಮಿಷ ಮುಚ್ಚಿಡಿ. ಪುಡಿ ಹಾಕಿದ ಮೇಲೆ ಕುದಿಸುತ್ತಲೇ ಇದ್ದರೆ ಕಹಿಯಾಗುತ್ತದೆ. ಬೆಲ್ಲದ ಜೊತೆ ಹಾಲು ಒಡೆಯುವ ಸಾಧ್ಯತೆ ಇರುವುದರಿಂದ ಬರಿಗಾಫಿಯೇ ಕ್ಷೇಮ. ಬಜ್ಜಿ, ಚಕ್ಕುಲಿ ಈ ಬಿಡುವಿನಲ್ಲಿ ಬೇಡ. ಎಣ್ಣೆ, ಹಿಟ್ಟು ಗಂಟಲಲ್ಲಿ ಕೂತು ಮುಂದಿನ ಹಾಡಿನಲ್ಲಿ ಕೆಮ್ಮು ಬರುತ್ತದೆ. ಬಿಸಿನೀರಿನ ಫ್ಲಾಸ್ಕ್ ಮಾತ್ರ ವೃತ್ತದೊಳಗೇ ಇರಲಿ.

ಕಡಂಬುಟ್ಟು, ಹಂದಿ ಸಾರು ಮಾಡಿದ್ದರೆ ಪಾತ್ರೆಯ ಮುಚ್ಚಳ ಭದ್ರವಾಗಿರಲಿ, ಅಡುಗೆಮನೆಯ ಬಾಗಿಲು ಹಾಕಿರಲಿ. ವಾಸನೆ ಹಾಲಿಗೆ ಬಂದ ಮೇಲೆ ಸೊಲ್ಲು ಹಿಡಿಯುವವರು ಕಡಿಮೆ. ಗ್ಲಾಸಿನ ವ್ಯವಹಾರವೂ ಹಾಡು ಮುಗಿದ ಮೇಲೆಯೇ. ಮೊದಲೇ ಶುರುವಾದರೆ ಶ್ರುತಿಯೂ ತಾಳವೂ ಒಟ್ಟಿಗೇ ಮೇಲೇರುತ್ತವೆ, ಆಗ ಬಿಳಿ ಆರು ಹಿಡಿದು ಕೂತವರೂ ಏನೂ ಮಾಡುವಂತಿಲ್ಲ.