ಎಫ್9 ಒತ್ತೋಕೆ ಕೈ ನಡುಗ್ತಿತ್ತು

ನನ್ನ ಹತ್ರ ಕೌನ್ಸೆಲಿಂಗಿಗೆ ಬಂದ ಒಬ್ಬರ ವಿಷಯ ಇದು, ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೀನಿ. 44 ವರ್ಷ, ಡಿಪ್ಲೊಮಾ ಸಿವಿಲ್, ಹದಿನೆಂಟು ವರ್ಷ ಸೇತುವೆ ಸೈಟಲ್ಲೇ ಕಳೆದವರು. ಮಂಡಿ ನೋವು ಶುರುವಾದ್ಮೇಲೆ ಹೆಡ್ ಆಫೀಸಿಗೆ ಬಂದ್ರು, ಅಲ್ಲಿ ಪ್ಲಾನಿಂಗ್ ಸೆಕ್ಷನ್ ಕೊಟ್ಟು ಕಂಪನಿಯ ಎಲ್ಲಾ ಪ್ರಾಜೆಕ್ಟಿಗೂ ಪ್ರಿಮಾವೆರಾ ಪಿ6, ಅಂದ್ರೆ ಯಾವ ಕೆಲಸ ಯಾವಾಗ ಮುಗಿಯುತ್ತೆ ಅಂತ ಲೆಕ್ಕ ಹಾಕೋ ಸಾಫ್ಟ್‌ವೇರ್, ಸೆಟಪ್ ಮಾಡೋ ಜವಾಬ್ದಾರಿನೂ ಹೊರಿಸಿದ್ರು, ಟ್ರೈನಿಂಗ್ ಅಂತ ಸಿಕ್ಕಿದ್ದು ಮೂರೇ ದಿನ.

ನನ್ನ ಹತ್ರ ಬಂದಿದ್ದು ನಿದ್ದೆ ಬರಲ್ಲ ಅಂತ. ರಾತ್ರಿ ಮೂರಕ್ಕೆ ಎಚ್ಚರ, ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ್ರೆ ಅಂಗೈ ಬೆವರು. "ವಯಸ್ಸಾಯ್ತು ಮೇಡಂ, ತಲೆಗೆ ಹತ್ತಲ್ಲ" ಅಂದ್ರು. ಸಾಯೋ ಯೋಚನೆ ಏನಾದ್ರೂ ಬರುತ್ತಾ ಅಂತ ನೇರವಾಗೇ ಕೇಳ್ದೆ, ಇಲ್ಲ ಅಂದ್ರು, ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದು ಕೊಟ್ಟೆ.

ಎರಡನೇ ಭೇಟಿಯಲ್ಲಿ ವಿಷಯ ಹೊರಗೆ ಬಂತು. ಮಳೆಗಾಲದಲ್ಲಿ ಹೊಳೆ ತುಂಬಿ ಒಂದು ಸೈಟಲ್ಲಿ ಹದಿನೈದು ದಿನ ಕೆಲಸ ನಿಂತಿತ್ತಂತೆ, ಇವರು ಆ ದಿನಗಳನ್ನ ಕ್ಯಾಲೆಂಡರಲ್ಲಿ ರಜೆ ಅಂತ ಗುರುತು ಹಾಕಿದ್ರು. ಹಾಕಿದ್ದು ಗ್ಲೋಬಲ್ ಕ್ಯಾಲೆಂಡರಲ್ಲಿ, ಅದು ಎಲ್ಲಾ ಪ್ರಾಜೆಕ್ಟಿಗೂ ಸೇರಿದ್ದು, ಹೊಳೆಯ ಸುಳಿವೇ ಇಲ್ಲದ ಒಂದು ರಸ್ತೆ ಕೆಲಸಕ್ಕೂ ಅದೇ ಕ್ಯಾಲೆಂಡರ್ ಇತ್ತು. ಆ ರಸ್ತೆಯ ಪ್ಲಾನಿಂಗ್ ನೋಡ್ಕೊಳ್ತಿದ್ದ ಹುಡುಗಿ ಶೆಡ್ಯೂಲ್ ಮಾಡೋಕೆ ಎಫ್9 ಒತ್ತಿದ ತಕ್ಷಣ ಮುಗಿಯೋ ತಾರೀಖು ಎರಡು ವಾರ ಮುಂದಕ್ಕೆ ಹೋಯ್ತು. ಮೀಟಿಂಗಲ್ಲಿ ಎಲ್ಲರೆದುರು ಅವಳನ್ನ ಕೇಳಿದ್ರು, ಅವಳ ಹತ್ರ ಉತ್ತರ ಇರಲಿಲ್ಲ. ಇವರಿಗೆ ಅಲ್ಲೇ ಹೊಳೀತು, ಆದ್ರೆ ಬಾಯಿ ಬಿಡಲಿಲ್ಲ, ಮಧ್ಯಾಹ್ನ ಯಾರಿಗೂ ಗೊತ್ತಾಗದ ಹಾಗೆ ರಜೆ ಅಳಿಸಿದ್ರು, ಅವಳು ಮತ್ತೆ ಎಫ್9 ಒತ್ತಿದಾಗ ತಾರೀಖು ಮೊದಲಿನ ಜಾಗಕ್ಕೆ ಬಂತು. "ಅವಳು ಕಣ್ಣೊರೆಸ್ಕೊಂಡು ಟೀ ಕುಡೀತಿದ್ಲು ಮೇಡಂ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು ಅಷ್ಟೇ" ಅಂತ ಹೇಳಿ ತುಂಬಾ ಹೊತ್ತು ಸುಮ್ನೆ ಕೂತ್ರು.

ಹೀಗೆ ಮುಚ್ಚಿಟ್ಟ ತಪ್ಪು ಒಳಗಿದ್ರೆ ಹೊಸದು ಕಲಿಯೋದು ಬಹಳ ಕಷ್ಟ, ಇದನ್ನ ನಾನು ಎಷ್ಟೋ ಜನರಲ್ಲಿ ನೋಡಿದ್ದೀನಿ. ಸಾಫ್ಟ್‌ವೇರ್ ತೆರೆದಾಗೆಲ್ಲ ಅವರಿಗೆ ಆ ಹುಡುಗಿ ಮುಖ ಕಾಣ್ತಿತ್ತು. ಅದಕ್ಕೇ ಮೊದಲು ಅವಳಿಗೆ ಹೇಳಿ, ಆಮೇಲೆ ಮ್ಯಾನೇಜರಿಗೆ, ಅದೂ ಮೀಟಿಂಗಲ್ಲೇ ಹೇಳಿ ಅಂದೆ. ಹೇಗೆ ಹೇಳೋದು ಅಂತ ನನ್ನೆದುರೇ ನಾಲ್ಕು ಸಲ ಹೇಳಿ ನೋಡಿದ್ರು, ಮೊದಲ ಮೂರು ಸಲ ಬರೀ ಸಬೂಬು ಬಂತು, ನಾಲ್ಕನೇದು "ಅದು ನಾನು ಮಾಡಿದ್ದಮ್ಮ, ಹೇಳದೇ ಇದ್ದಿದ್ದೂ ತಪ್ಪು" ಅಂತ ಒಂದೇ ಮಾತು. ಅಷ್ಟೇ ಸಾಕು ಅಂದೆ.

ಕಲಿಯೋ ವಿಷಯಕ್ಕೆ ಬಂದ್ರೆ, ಪಿ6 ಅನ್ನ ಸ್ವಂತ ಲ್ಯಾಪ್‌ಟಾಪಲ್ಲೇ ಬೇರೆ ಡೇಟಾಬೇಸ್ ಇಟ್ಕೊಂಡು ನಡೆಸಬಹುದಂತೆ, ಇದು ಅವರೇ ಹೇಳಿದ್ದು, ಹಾಗಾದ್ರೆ ಐಟಿಯವರ ಹತ್ರ ಕೇಳಿ ಅದನ್ನ ಹಾಕಿಸ್ಕೊಳಿ, ಅಲ್ಲಿ ಬೇಕಂತಲೇ ಕ್ಯಾಲೆಂಡರ್ ಕೆಡಿಸಿ ಸರಿ ಮಾಡಿ, ದಿನಾ ಅರ್ಧ ಗಂಟೆ, ಒಂದೇ ಸೆಟ್ಟಿಂಗ್ ಅಂದೆ. ಹಾಗೇ ಪಿ6ನಲ್ಲಿ ಬರೋ ಇಪಿಎಸ್, ಓಬಿಎಸ್ ಅಂದ್ರೇನು ಅಂತ ನನಗೆ ತಿಳಿಯೋ ಹಾಗೆ ಹೇಳಿ ಅಂದೆ. ಸ್ವಲ್ಪ ಯೋಚಿಸಿ, "ಇಪಿಎಸ್ ಅಂದ್ರೆ ಪ್ರಾಜೆಕ್ಟ್ ಇಡೋ ಬೀರು ಮೇಡಂ, ಓಬಿಎಸ್ ಅಂದ್ರೆ ಯಾವ ಖಾನೆ ಬೀಗದಕೈ ಯಾರ ಹತ್ರ ಅನ್ನೋದು" ಅಂದ್ರು. ತಲೆಗೆ ಹತ್ತಲ್ಲ ಅಂದವರು ಇವರೇನಾ ಅನ್ನಿಸ್ತು, ಅದನ್ನ ಅವರಿಗೂ ಹೇಳ್ದೆ.

ಮೂರು ವಾರ ಬಿಟ್ಟು ಬಂದ್ರು. ಹುಡುಗಿ ಮೊದಲು ಎರಡು ದಿನ ಮಾತಾಡಲಿಲ್ವಂತೆ, ಅದು ಸರಿನೇ ಅನ್ನಿಸ್ತು ನನಗೆ. ಮೂರನೇ ದಿನ ಅವಳೇ ಕುರ್ಚಿ ಎಳ್ಕೊಂಡು ಬಂದು, "ಸರ್, ನಾನೂ ಒಂದ್ಸಲ ಎಕ್ಸ್‌ಇಆರ್ ಫೈಲ್ (ಪಿ6 ಪ್ರಾಜೆಕ್ಟನ್ನ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸೋ ಫೈಲ್) ಇಂಪೋರ್ಟ್ ಮಾಡುವಾಗ ಕೀಪ್ ಎಕ್ಸಿಸ್ಟಿಂಗ್ (ಇದ್ದಿದ್ದು ಹಾಗೇ ಇರಲಿ) ಹಾಕೋ ಕಡೆ ಅಪ್‌ಡೇಟ್ ಎಕ್ಸಿಸ್ಟಿಂಗ್ (ಇದ್ದಿದ್ದನ್ನ ಬದಲಾಯಿಸು) ಬಿಟ್ಟು ಆಫೀಸ್ ಕ್ಯಾಲೆಂಡರ್ ಮೇಲೆ ಹೊರಗಿನವರ ಕ್ಯಾಲೆಂಡರ್ ಕೂರಿಸಿದ್ದೆ" ಅಂತ ಹೇಳಿ, ಗ್ಲೋಬಲ್ ಕ್ಯಾಲೆಂಡರಿನ ಕಾಪಿ ತೆಗೆದು ಒಂದೇ ಪ್ರಾಜೆಕ್ಟಿಗೆ ಸೇರೋ ಪ್ರಾಜೆಕ್ಟ್ ಕ್ಯಾಲೆಂಡರ್ ಮಾಡೋದು ತೋರಿಸಿದ್ಲು. ಈಗ ಗ್ಲೋಬಲ್ ಕ್ಯಾಲೆಂಡರ್ ಮುಟ್ಟೋ ಮುಂಚೆ ಇಬ್ಬರೂ ಒಬ್ಬರಿಗೊಬ್ಬರು ಹೇಳ್ತಾರಂತೆ. ನಿದ್ದೆ ಐದರವರೆಗೆ ಬರ್ತಿದೆ. ಇನ್ನೊಂದು ತಿಂಗಳು ಬಿಟ್ಟು ಬರೋಕೆ ಹೇಳಿದ್ದೀನಿ.